ಅವಳು ಯಾರಿಗೂ ಹೇಳುವುದಿಲ್ಲ ಎಂಬ ಭರವಸೆ

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು 2019ರಿಂದ 2021ರವರೆಗೆ ಮನೆ ಮನೆಗೆ ಹೋಗಿ ಕಲೆಹಾಕಿದ ಮಾಹಿತಿಯಲ್ಲಿ ಒಂದು ಅಂಕಿಯನ್ನು ನಾನು ಮತ್ತೆ ಮತ್ತೆ ತೆಗೆದು ನೋಡುತ್ತೇನೆ. ದೈಹಿಕ ಅಥವಾ ಲೈಂಗಿಕ ಹಿಂಸೆಗೆ ಒಳಗಾದ ಮಹಿಳೆಯರಲ್ಲಿ ಯಾರ ಬಳಿಯಾದರೂ ನೆರವು ಕೇಳಿದವರು ಶೇ. 14ರಷ್ಟು ಮಾತ್ರ. ಶೇ. 77ರಷ್ಟು ಮಂದಿ ನೆರವು ಕೇಳುವುದಿರಲಿ, ನಡೆದದ್ದನ್ನು ಒಬ್ಬರ ಮುಂದೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ನೆರವು ಕೇಳಿದ ಕೆಲವರೂ ಹೆಚ್ಚಾಗಿ ಹೋದದ್ದು ತವರಿನವರ ಬಳಿಗೆ. ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದವರು ಬೆರಳೆಣಿಕೆಯಷ್ಟು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ 2022ರಲ್ಲಿ ದೇಶದಲ್ಲಿ 31,516 ಅತ್ಯಾಚಾರ ಪ್ರಕರಣಗಳು ದಾಖಲಾದವು ಎಂದು ಹೇಳುವಾಗ, ಅದು ಎಣಿಸುತ್ತಿರುವುದು ಈ ಎಲ್ಲ ಮೌನವನ್ನು ದಾಟಿ ಬಂದವರನ್ನು ಮಾತ್ರ. ಆದ್ದರಿಂದಲೇ ಒಂದು ಜಿಲ್ಲೆಯಲ್ಲಿ ದೂರುಗಳ ಸಂಖ್ಯೆ ಏರಿತೆಂದರೆ ಅಲ್ಲಿ ಹಿಂಸೆ ಹೆಚ್ಚಿತು ಎಂದು ತಟ್ಟನೆ ತೀರ್ಮಾನಿಸುವುದು ಸರಿಯಲ್ಲ. ಹೇಳುವ ಧೈರ್ಯ ಹೆಚ್ಚಿರಲೂಬಹುದು.

ಅದೇ ಬ್ಯೂರೊದ ವರದಿಗಳಲ್ಲಿ ವರ್ಷ ವರ್ಷವೂ ಬದಲಾಗದೆ ಉಳಿದಿರುವ ಇನ್ನೊಂದು ಸಂಗತಿಯಿದೆ. ದಾಖಲಾದ ಪ್ರಕರಣಗಳಲ್ಲಿ ಶೇ. 90ಕ್ಕೂ ಹೆಚ್ಚಿನವುಗಳಲ್ಲಿ ಆರೋಪಿಯು ಹೆಣ್ಣಿಗೆ ಮೊದಲೇ ಪರಿಚಿತನಾದವನು: ಸಂಬಂಧಿ, ನೆರೆಮನೆಯವನು, ಕೆಲಸ ಕೊಟ್ಟವನು, ಸ್ನೇಹಿತ, ಮದುವೆಯಾಗುತ್ತೇನೆಂದು ನಂಬಿಸಿದವನು. ಹೆಣ್ಣುಮಕ್ಕಳಿಗೆ ನಾವು ಕಲಿಸುತ್ತ ಬಂದಿರುವ ಎಚ್ಚರಿಕೆಗಳೆಲ್ಲ ಕತ್ತಲ ದಾರಿಯ ಅಪರಿಚಿತನನ್ನು ಕುರಿತವು. ಹೊತ್ತು ಮುಳುಗುವ ಮೊದಲು ಮನೆ ಸೇರು, ಒಬ್ಬಳೇ ಹೋಗಬೇಡ ಎನ್ನುತ್ತೇವೆ. ಆದರೆ ಪರಿಚಿತನಿಗೆ ಕತ್ತಲೆಯ ಅಗತ್ಯವೇ ಇಲ್ಲ. ಅವನನ್ನು ಕಾಯುವುದು ಅವಳು ಯಾರಿಗೂ ಹೇಳುವುದಿಲ್ಲ ಎಂಬ ಭರವಸೆ. ಹೇಳಿದರೂ ನಂಬುವವರಿಲ್ಲ, ನಂಬಿದರೂ ಮುಚ್ಚಿಹಾಕುತ್ತಾರೆ, ಮುಚ್ಚಿಹಾಕದಿದ್ದರೆ ಕೋರ್ಟಿನಲ್ಲಿ ವರ್ಷಗಟ್ಟಲೆ ಅಲೆದು ಸೋಲುತ್ತಾಳೆ ಎಂಬ ಲೆಕ್ಕ ಅವನಿಗಿರುತ್ತದೆ, ಮತ್ತು ಬಹಳಷ್ಟು ಸಲ ಆ ಲೆಕ್ಕ ತಪ್ಪುವುದಿಲ್ಲ. ತಡೆಗಟ್ಟುವುದು ಒಂದು ಕೆಲಸ, ನೊಂದವರಿಗೆ ನೆರವಾಗುವುದು ಆಮೇಲಿನ ಇನ್ನೊಂದು ಕೆಲಸ ಎಂದು ಸರ್ಕಾರದ ಯೋಜನೆಗಳು ಎರಡು ಕಡತಗಳನ್ನು ಇಟ್ಟುಕೊಂಡಿವೆ. ನನ್ನ ಮಟ್ಟಿಗೆ ಎರಡೂ ಒಂದೇ ಕೆಲಸ. ಹೇಳಿದವಳಿಗೆ ಊರು ಹೇಗೆ ಸ್ಪಂದಿಸಿತು ಎಂಬುದನ್ನು ಅದೇ ಊರಿನ ಇನ್ನೊಬ್ಬ ಗಂಡಸು ಗಮನಿಸುತ್ತಿರುತ್ತಾನೆ. ಇನ್ನೊಬ್ಬಳು ಹುಡುಗಿಯೂ ಗಮನಿಸುತ್ತಿರುತ್ತಾಳೆ.

ಕರ್ನಾಟಕ ಇದನ್ನು ಹಾಸನದಲ್ಲಿ ಕಣ್ಣಾರೆ ಕಂಡಿತು. 2024ರ ಏಪ್ರಿಲ್‌ನಲ್ಲಿ, ಲೋಕಸಭಾ ಚುನಾವಣೆಯ ಮತದಾನಕ್ಕೆ ಕೆಲವೇ ದಿನಗಳಿರುವಾಗ, ಅಂದಿನ ಸಂಸದ ಪ್ರಜ್ವಲ್ ರೇವಣ್ಣ ಅವರಿಗೆ ಸಂಬಂಧಿಸಿದವೆನ್ನಲಾದ ವಿಡಿಯೊಗಳು ತುಂಬಿದ ಪೆನ್‌ಡ್ರೈವ್‌ಗಳು ಜಿಲ್ಲೆಯಲ್ಲಿ ಹರಿದಾಡಿದವು. ಅವುಗಳಲ್ಲಿದ್ದ ಮಹಿಳೆಯರ ಮುಖಗಳನ್ನು ಮರೆಮಾಡುವ ಕನಿಷ್ಠ ಕಾಳಜಿಯನ್ನೂ ಹಂಚಿದವರು ತೋರಲಿಲ್ಲ. ಆ ವಾರಗಳಲ್ಲಿ ಎಷ್ಟೋ ಮೊಬೈಲುಗಳಲ್ಲಿ ಆ ದೃಶ್ಯಗಳು ಓಡಾಡಿದವು. ಗುರುತು ಸಿಕ್ಕ ಕೆಲವು ಮಹಿಳೆಯರು ಮನೆ ಬಿಟ್ಟು ಹೋದರು. ನೊಂದವರ ಗುರುತನ್ನು ಬಹಿರಂಗಪಡಿಸುವುದು 1983ರಿಂದಲೂ ಅಪರಾಧ; ಈಗಿನ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮೂ ಅದಕ್ಕೆ ಎರಡು ವರ್ಷಗಳವರೆಗಿನ ಸೆರೆವಾಸವನ್ನು ಹೇಳುತ್ತದೆ. ಕಾನೂನು ಪುಸ್ತಕದಲ್ಲಿತ್ತು, ವಿಡಿಯೊ ವಾಟ್ಸ್‌ಆ್ಯಪ್‌ನಲ್ಲಿತ್ತು. ನೋಡಿ ಮುಂದಕ್ಕೆ ಕಳಿಸಿದ ಒಬ್ಬೊಬ್ಬರೂ ಆ ಹಿಂಸೆಯನ್ನು ಇನ್ನೊಮ್ಮೆ ಎಸಗಿದರು ಎಂದು ನಾನು ಹೇಳುವಾಗ ಅದನ್ನು ಆಲಂಕಾರಿಕವಾಗಿ ಹೇಳುತ್ತಿಲ್ಲ.

ಆದರೆ ಅದೇ ಪ್ರಕರಣ ಬೇರೊಂದನ್ನೂ ತೋರಿಸಿತು. ಮನೆಗೆಲಸ ಮಾಡುತ್ತಿದ್ದ ಒಬ್ಬ ಮಹಿಳೆ ತನ್ನ ಹೇಳಿಕೆಗೆ ಗಟ್ಟಿಯಾಗಿ ನಿಂತರು. ವಿಶೇಷ ತನಿಖಾ ತಂಡ ಕೆಲಸ ಮಾಡಿತು, ಸೀರೆಯೊಂದರ ಮೇಲೆ ದೊರೆತ ಡಿಎನ್‌ಎ ಕುರುಹು ಸಾಕ್ಷ್ಯವಾಯಿತು, ವಿಚಾರಣೆ ಎಳೆದಾಡದೆ ನಡೆಯಿತು, ಮತ್ತು 2025ರ ಆಗಸ್ಟ್ ಮೊದಲ ವಾರದಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯವು ಪ್ರಜ್ವಲ್ ರೇವಣ್ಣ ಅವರನ್ನು ಅಪರಾಧಿಯೆಂದು ಘೋಷಿಸಿ ಜೀವಾವಧಿ ಶಿಕ್ಷೆ ವಿಧಿಸಿತು. ಅವರು ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಿದ್ದಾರೆ. ಪ್ರಕರಣ ದಾಖಲಾಗಿ ತೀರ್ಪು ಬರಲು ಹಿಡಿದದ್ದು ಹೆಚ್ಚುಕಡಿಮೆ 15 ತಿಂಗಳು. ದೇಶವೆಲ್ಲ ನೋಡುತ್ತಿದ್ದ ಪ್ರಕರಣಕ್ಕೆ ಸಿಕ್ಕ ಈ ವೇಗ ಯಾವುದೋ ತಾಲ್ಲೂಕಿನ ಹೆಸರಿಲ್ಲದ ಕೂಲಿಹೆಣ್ಣಿಗೆ ಸಿಗುವುದಿಲ್ಲ, ನಿಜ. ಆದರೂ ಮನಸ್ಸು ಮಾಡಿದರೆ ವ್ಯವಸ್ಥೆಗೆ ಇದು ಅಸಾಧ್ಯವಲ್ಲ ಎಂಬುದಕ್ಕೆ ಈಗ ಒಂದು ದಾಖಲೆಯಿದೆ.

ಮೌನದ ಬೇರು ನಮ್ಮ ಭಾಷೆಯಲ್ಲೂ ಇದೆ. ‘ಮಾನಭಂಗ’, ‘ಶೀಲಹರಣ’, ‘ಹುಡುಗಿಯನ್ನು ಕೆಡಿಸಿದ’, ‘ಅವಳ ಬಾಳು ಹಾಳಾಯಿತು’ ಎಂಬ ಮಾತುಗಳನ್ನು ಇಂದಿಗೂ ಸುದ್ದಿಯಲ್ಲಿ ಓದುತ್ತೇವೆ, ಜಗಲಿಯಲ್ಲಿ ಕೇಳುತ್ತೇವೆ. ಮನೆಯಲ್ಲಿ ಕಳುವಾದರೆ ಮನೆಯವರ ಮಾನ ಹೋಗುವುದಿಲ್ಲ, ಕಳ್ಳನ ಮಾನ ಹೋಗುತ್ತದೆ. ಈ ಒಂದು ಅಪರಾಧದಲ್ಲಿ ಮಾತ್ರ ಮಾನ ಕಳೆದುಕೊಳ್ಳುವವಳು ಹಿಂಸೆಗೆ ಒಳಗಾದವಳು. ಅವಳ ಹಿಂದೆ ಅವಳ ಮನೆತನ, ಜಾತಿ, ಊರು. ಮಾನ ಹೀಗೆ ಇಡೀ ಕುಟುಂಬದ ಆಸ್ತಿಯಾದಾಗ ಅದನ್ನು ಉಳಿಸಿಕೊಳ್ಳಲು ಕುಟುಂಬ ಮೊದಲು ಮಾಡುವ ಕೆಲಸ ಅವಳ ಬಾಯಿ ಮುಚ್ಚಿಸುವುದು. ‘ಸಂತ್ರಸ್ತೆ’ ಎಂಬ ಪದ ಪತ್ರಿಕೆಗಳಲ್ಲಿ ನೆಲೆಯೂರಿದೆ. ‘ನೊಂದವರು’, ‘ಪಾರಾಗಿ ಬಂದವರು’ ಎನ್ನುವುದು ನನಗೆ ಹೆಚ್ಚು ಹಿತವೆನಿಸುತ್ತದೆ, ಏಕೆಂದರೆ ಅದರಲ್ಲಿ ಮುಂದಿನ ಬದುಕಿಗೆ ಜಾಗವಿದೆ.

ಹಾಗಾಗಿ ಎಲ್ಲಕ್ಕಿಂತ ಮೊದಲು ಮುಖ್ಯವಾಗುವವರು ಆಕೆ ಹೇಳಿಕೊಳ್ಳುವ ಮೊದಲ ವ್ಯಕ್ತಿ. ಅದು ತಾಯಿ ಇರಬಹುದು, ಅಕ್ಕ, ಗೆಳತಿ, ಟೀಚರು, ಆಶಾ ಕಾರ್ಯಕರ್ತೆ ಇರಬಹುದು. ‘ಅಷ್ಟು ಹೊತ್ತಿನಲ್ಲಿ ಅಲ್ಲಿಗೆ ಯಾಕೆ ಹೋದೆ’, ‘ಕಿರುಚಲಿಲ್ಲವೇ’, ‘ಇಷ್ಟು ದಿನ ಯಾಕೆ ಹೇಳಲಿಲ್ಲ’, ‘ನಾಳೆ ಮದುವೆಯಾಗಬೇಕಾದವಳು, ಇಲ್ಲಿಗೇ ಬಿಡು’ ಎಂಬ ಮಾತುಗಳಲ್ಲಿ ಯಾವುದಾದರೊಂದನ್ನು ಆಕೆ ಈ ಮೊದಲ ವ್ಯಕ್ತಿಯಿಂದ ಕೇಳಿದರೆ ಎರಡನೆಯವರ ಬಳಿಗೆ ಹೋಗುವ ಸಾಧ್ಯತೆ ಬಹಳ ಕಡಿಮೆ. ಭಯದ ಉತ್ತುಂಗದಲ್ಲಿ ದೇಹ ಮರಗಟ್ಟಿ ನಿಲ್ಲುವುದು, ದನಿ ಹೊರಡದಿರುವುದು, ಆಮೇಲೆ ನೆನಪು ಚೂರುಚೂರಾಗಿ ಹಿಂದುಮುಂದಾಗಿ ಬರುವುದು ಆಘಾತದ ಸಹಜ ಲಕ್ಷಣಗಳು. ಪ್ರತಿರೋಧ ತೋರಲಿಲ್ಲ ಎಂಬ ಕಾರಣಕ್ಕೇ ಒಪ್ಪಿಗೆಯಿತ್ತು ಎಂದು ತಿಳಿಯುವಂತಿಲ್ಲ ಎಂದು 2013ರ ತಿದ್ದುಪಡಿಯಿಂದೀಚೆಗೆ ಕಾನೂನೇ ಹೇಳುತ್ತದೆ. ‘ನಿನ್ನ ಮಾತನ್ನು ನಂಬುತ್ತೇನೆ, ತಪ್ಪು ನಿನ್ನದಲ್ಲ, ಈಗ ನಿನಗೇನು ಬೇಕು ಹೇಳು’ ಎಂದು ಕೇಳಿ ಸುಮ್ಮನೆ ಪಕ್ಕದಲ್ಲಿ ಕೂರುವುದಕ್ಕೆ ತರಬೇತಿ ಬೇಕಿಲ್ಲ. ದೂರು ಕೊಡಬೇಕೇ ಬೇಡವೇ ಎಂಬ ತೀರ್ಮಾನವನ್ನು ವಯಸ್ಕ ಹೆಣ್ಣಿನ ಕೈಗೇ ಬಿಡಬೇಕು. ತನ್ನ ಮೇಲೆ ತನಗಿದ್ದ ಅಧಿಕಾರವನ್ನು ಒಬ್ಬ ಕಸಿದುಕೊಂಡ ಮೇಲೆ ಹಿತೈಷಿಗಳೂ ಅದನ್ನೇ ಇನ್ನೊಂದು ರೀತಿಯಲ್ಲಿ ಮಾಡಬಾರದು.

ಆಸ್ಪತ್ರೆಯ ವಿಷಯದಲ್ಲಿ ಮಾತ್ರ ಕಾಲ ಕಾಯುವುದಿಲ್ಲ, ಮತ್ತು ಈ ಮಾಹಿತಿ ನಮ್ಮಲ್ಲಿ ಬಹಳ ಜನರಿಗೆ ತಿಳಿದಿಲ್ಲ. ಎಚ್‌ಐವಿ ಸೋಂಕು ತಡೆಯುವ ಔಷಧವನ್ನು 72 ಗಂಟೆಗಳೊಳಗೆ ಆರಂಭಿಸಿ 28 ದಿನ ತೆಗೆದುಕೊಳ್ಳಬೇಕು. ಗರ್ಭ ತಡೆಯುವ ತುರ್ತು ಮಾತ್ರೆಯೂ ಎಷ್ಟು ಬೇಗ ತೆಗೆದುಕೊಂಡರೆ ಅಷ್ಟು ಪರಿಣಾಮಕಾರಿ. ದೇಹದಿಂದ ಸಂಗ್ರಹಿಸುವ ಜೈವಿಕ ಸಾಕ್ಷ್ಯ ಮೂರು ನಾಲ್ಕು ದಿನಗಳಲ್ಲಿ ಅಳಿದುಹೋಗುತ್ತದೆ. ಆದ್ದರಿಂದ ಸಾಧ್ಯವಾದರೆ ಸ್ನಾನಕ್ಕೂ ಮೊದಲು ಆಸ್ಪತ್ರೆಗೆ ಹೋಗುವುದು, ಉಟ್ಟ ಬಟ್ಟೆಯನ್ನು ಒಗೆಯದೆ ಪ್ಲಾಸ್ಟಿಕ್ಕಿನ ಬದಲು ಕಾಗದದ ಕವರಿನಲ್ಲಿ ಇಡುವುದು ಮುಂದೆ ನೆರವಾಗುತ್ತದೆ. ಅಷ್ಟು ದಿನಗಳು ಕಳೆದುಹೋದರೂ ಚಿಕಿತ್ಸೆ ಬೇಡವೆಂದಲ್ಲ, ದೂರು ನಿಲ್ಲುವುದಿಲ್ಲವೆಂದೂ ಅಲ್ಲ. ಸರ್ಕಾರಿ ಆಸ್ಪತ್ರೆಯಿರಲಿ ಖಾಸಗಿಯಿರಲಿ, ಉಚಿತವಾಗಿ ತಕ್ಷಣ ಚಿಕಿತ್ಸೆ ನೀಡುವುದು ಕಾನೂನಿನ ಕಡ್ಡಾಯ. ನಿರಾಕರಿಸಿದರೆ ನ್ಯಾಯ ಸಂಹಿತೆಯ 200ನೇ ಕಲಮಿನಡಿ ಒಂದು ವರ್ಷದವರೆಗೆ ಶಿಕ್ಷೆಯಿದೆ. ಪರೀಕ್ಷೆಗೆ ಆಕೆಯ ಒಪ್ಪಿಗೆ ಬೇಕೇಬೇಕು, ಮತ್ತು ಪರೀಕ್ಷೆ ಬೇಡವೆಂದ ಮಾತ್ರಕ್ಕೆ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಹೆಣ್ಣಿಗೆ ಹಿಂದೆ ಲೈಂಗಿಕ ಸಂಬಂಧವಿತ್ತೇ ಎಂದು ಯೋನಿಯೊಳಗೆ ಬೆರಳಿಟ್ಟು ನೋಡುವ ‘ಎರಡು ಬೆರಳಿನ ಪರೀಕ್ಷೆ’ ಎಂಬ ಅವಮಾನವನ್ನು ಸುಪ್ರೀಂ ಕೋರ್ಟ್ 2013ರಲ್ಲೇ ತಪ್ಪೆಂದಿತ್ತು. 2022ರ ಅಕ್ಟೋಬರ್‌ನಲ್ಲಿ ಅದನ್ನು ನಡೆಸುವವರು ದುರ್ನಡತೆಯ ದೋಷಿಗಳೆಂದು ಮತ್ತೆ ಹೇಳಬೇಕಾಗಿ ಬಂತು. ಒಂಬತ್ತು ವರ್ಷಗಳ ನಂತರ ಅದೇ ಮಾತನ್ನು ಪುನಃ ಹೇಳಬೇಕಾಯಿತೆಂಬುದು ಆದೇಶ ಮತ್ತು ಆಚರಣೆಯ ನಡುವಿನ ದೂರವನ್ನು ಅಳೆದು ಕೊಡುತ್ತದೆ.

ಠಾಣೆಯ ಬಾಗಿಲಿನ ಕಥೆಯೂ ಹೀಗೆಯೇ. ದೆಹಲಿಯ 2012ರ ಡಿಸೆಂಬರ್‌ನ ಸಾಮೂಹಿಕ ಅತ್ಯಾಚಾರದ ನಂತರ ನೇಮಕವಾದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ಒಂದೇ ತಿಂಗಳಲ್ಲಿ ವರದಿ ಕೊಟ್ಟಿತು, ಮತ್ತು 2013ರ ತಿದ್ದುಪಡಿಯಲ್ಲಿ ದೂರು ದಾಖಲಿಸದ ಪೊಲೀಸರಿಗೇ ಶಿಕ್ಷೆ ಬಂತು. ಈಗ ಯಾವ ಠಾಣೆಯ ವ್ಯಾಪ್ತಿಯಲ್ಲಿ ಘಟನೆ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಆಕೆಯ ಹೇಳಿಕೆಯನ್ನು ಆಕೆಯ ಮನೆಯಲ್ಲೋ ಆಕೆ ಬಯಸಿದ ಜಾಗದಲ್ಲೋ, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ ದಾಖಲಿಸಬೇಕು. ಇದೆಲ್ಲ ತಿಳಿಯದ ಹಳ್ಳಿಯ ಹೆಣ್ಣೊಬ್ಬಳು ಠಾಣೆಯ ಹೊರಗಿನ ಬೆಂಚಿನ ಮೇಲೆ ಮಧ್ಯಾಹ್ನವಿಡೀ ಕೂತು, ‘ಎರಡೂ ಕಡೆಯ ಹಿರಿಯರು ಕೂತು ಮಾತಾಡಿ ಮುಗಿಸಿಕೊಳ್ಳಿ’ ಎಂಬ ಸಲಹೆ ಪಡೆದು ಎದ್ದುಹೋಗುವುದು ಇನ್ನೂ ತಪ್ಪಿಲ್ಲ. ಅತ್ಯಾಚಾರ ರಾಜಿಯಾಗುವ ಅಪರಾಧವಲ್ಲ, ರಾಜಿಯ ನೆಪದಲ್ಲಿ ಶಿಕ್ಷೆ ಕಡಿಮೆ ಮಾಡುವಂತೆಯೂ ಇಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಸ್ಪಷ್ಟವಾಗಿ ಹೇಳಿದೆ. ಆದರೂ ಊರ ಕಟ್ಟೆಯ ಪಂಚಾಯಿತಿಯಲ್ಲಿ ಹಣ ಗೊತ್ತುಮಾಡುವುದು, ಅಪರಾಧ ಎಸಗಿದವನಿಗೇ ಆಕೆಯನ್ನು ಮದುವೆ ಮಾಡಿಕೊಡುವುದು ‘ಪರಿಹಾರ’ವೆನಿಸಿಕೊಳ್ಳುತ್ತದೆ. ಜೀವನಪೂರ್ತಿ ಅದೇ ಮನುಷ್ಯನ ಜೊತೆ ಒಂದೇ ಸೂರಿನಡಿ ಇರು ಎಂದು ತೀರ್ಪು ಕೊಡುವವರು ಒಂದು ರಾತ್ರಿಯಾದರೂ ಆಕೆಯ ಜಾಗದಲ್ಲಿ ನಿಂತು ಯೋಚಿಸಬೇಕು.

ನ್ಯಾಯಪೀಠಗಳೂ ಸಮಾಜದೊಳಗೇ ಇವೆ. 2020ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಜಾಮೀನು ಆದೇಶವೊಂದು, ಅತ್ಯಾಚಾರದ ನಂತರ ದಣಿದು ನಿದ್ದೆಹೋದೆ ಎಂದ ಹೆಣ್ಣಿನ ಮಾತು ಭಾರತೀಯ ಮಹಿಳೆಗೆ ತಕ್ಕ ನಡವಳಿಕೆಯಲ್ಲ ಎಂಬ ಅರ್ಥದ ಸಾಲೊಂದನ್ನು ಬರೆದಿತ್ತು. ವ್ಯಾಪಕ ಆಕ್ಷೇಪದ ನಂತರ ಜುಲೈ ಮೊದಲ ವಾರ ಆ ಸಾಲನ್ನು ತೆಗೆದುಹಾಕಲಾಯಿತು. ಮರುವರ್ಷ ಮಾರ್ಚ್‌ನಲ್ಲಿ, ಆರೋಪಿಯು ದೂರುದಾರಳಿಂದ ರಾಖಿ ಕಟ್ಟಿಸಿಕೊಳ್ಳಬೇಕೆಂದು ಮಧ್ಯಪ್ರದೇಶ ಹೈಕೋರ್ಟ್ ವಿಧಿಸಿದ್ದ ಷರತ್ತನ್ನು ರದ್ದುಮಾಡುತ್ತ, ಆಕೆಯ ಉಡುಗೆ, ನಡತೆ, ಹಿಂದಿನ ಸಂಬಂಧಗಳ ಬಗ್ಗೆ ನ್ಯಾಯಾಧೀಶರು ಟಿಪ್ಪಣಿ ಮಾಡಬಾರದು, ಮದುವೆ ಅಥವಾ ರಾಜಿಯನ್ನು ಸೂಚಿಸಬಾರದು ಎಂದು ಸುಪ್ರೀಂ ಕೋರ್ಟ್ ನಿರ್ದೇಶಿಸಿತು. ಆದರ್ಶ ಸಂತ್ರಸ್ತೆಯ ಚಿತ್ರವೊಂದು ಎಲ್ಲರ ತಲೆಯಲ್ಲಿದೆ: ಅಳಬೇಕು, ತಕ್ಷಣ ಓಡಿಬಂದು ಹೇಳಬೇಕು, ಮರುದಿನ ಕೆಲಸಕ್ಕೆ ಹೋಗಬಾರದು, ನಗಬಾರದು. ನಿಜವಾದ ಹೆಣ್ಣುಮಕ್ಕಳು ಮರುದಿನ ದನ ಕರೆಯುತ್ತಾರೆ, ಗಾರ್ಮೆಂಟ್ಸ್ ಬಸ್ಸು ಹತ್ತುತ್ತಾರೆ, ಏಕೆಂದರೆ ಸಂಬಳ ಕಟ್ಟಾದರೆ ಮನೆ ನಡೆಯುವುದಿಲ್ಲ.

ಇನ್ನು ಗಲ್ಲಿನ ಕೂಗು. ಪ್ರತಿ ಭೀಕರ ಘಟನೆಯ ನಂತರ ಅದು ಏಳುತ್ತದೆ, ಮತ್ತು ಅದರ ಹಿಂದಿನ ಸಂಕಟ ನನಗೆ ಅರ್ಥವಾಗುತ್ತದೆ. 2019ರಲ್ಲಿ ಹೈದರಾಬಾದಿನಲ್ಲಿ ಪಶುವೈದ್ಯೆಯೊಬ್ಬರ ಅತ್ಯಾಚಾರ ಮತ್ತು ಕೊಲೆಯ ನಾಲ್ವರು ಆರೋಪಿಗಳು ಪೊಲೀಸ್ ಗುಂಡಿಗೆ ಸತ್ತಾಗ ಜನ ಪೊಲೀಸರ ಮೇಲೆ ಹೂ ಎರಚಿದರು. 2022ರಲ್ಲಿ ಸುಪ್ರೀಂ ಕೋರ್ಟ್ ನೇಮಿಸಿದ್ದ ಆಯೋಗವು ಸ್ವರಕ್ಷಣೆಗಾಗಿ ಗುಂಡು ಹಾರಿಸಿದೆವು ಎಂಬ ಪೊಲೀಸರ ಕಥೆಯನ್ನು ನಂಬಲಾಗದು ಎಂದಿತು. ವರ್ಮಾ ಸಮಿತಿ ಅತ್ಯಾಚಾರಕ್ಕೆ ಮರಣದಂಡನೆಯನ್ನು ಶಿಫಾರಸು ಮಾಡಿರಲಿಲ್ಲ. ಆರೋಪಿಯು ಚಿಕ್ಕಪ್ಪನೋ ಮಾವನೋ ಆಗಿರುವಾಗ ‘ನಿನ್ನ ಒಂದು ಮಾತಿನಿಂದ ಅವನ ಜೀವ ಹೋಗುತ್ತದೆ’ ಎಂಬ ಭಾರವನ್ನು ಹತ್ತು ವರ್ಷದ ಮಗುವಿನ ತಲೆಯ ಮೇಲೆ ಹೊರಿಸಿದಂತಾಗುತ್ತದೆ, ಮತ್ತು ಮನೆಯವರು ಆ ಮಗುವಿನ ಬಾಯಿಯನ್ನು ಇನ್ನಷ್ಟು ಬಿಗಿಯಾಗಿ ಮುಚ್ಚುತ್ತಾರೆ. ಬ್ಯೂರೊದ ಅಂಕಿಗಳ ಪ್ರಕಾರ ವಿಚಾರಣೆ ಮುಗಿದ ಅತ್ಯಾಚಾರ ಪ್ರಕರಣಗಳಲ್ಲಿ ಶಿಕ್ಷೆಯಾಗುವುದು ಮೂರರಲ್ಲಿ ಒಂದಕ್ಕಿಂತ ಕಡಿಮೆ. ಅಪರಾಧಿ ಹೆದರುವುದು ಶಿಕ್ಷೆಯ ಖಚಿತತೆಗೆ. ಸಾಕ್ಷಿಗಳು ಪ್ರತಿಕೂಲವಾಗದಂತೆ ಕಾಯುವುದು, ವಿಧಿವಿಜ್ಞಾನ ಪ್ರಯೋಗಾಲಯದ ವರದಿ ತಿಂಗಳುಗಟ್ಟಲೆ ತಡವಾಗದಂತೆ ನೋಡಿಕೊಳ್ಳುವುದು, ಸರ್ಕಾರಿ ಅಭಿಯೋಜಕರು ವಿಚಾರಣೆಯ ದಿನ ಮೊದಲ ಬಾರಿಗೆ ಆಕೆಯ ಮುಖ ನೋಡುವಂತಾಗದಿರುವುದು ಇವೆಲ್ಲ ಘೋಷಣೆಗೆ ಒದಗುವ ವಿಷಯಗಳಲ್ಲ. ಆದರೆ ಖಚಿತತೆ ಹುಟ್ಟುವುದು ಇವುಗಳಿಂದಲೇ.

ಹೇಳುವ ದಾರಿಯೇ ಇಲ್ಲದವರೂ ಇದ್ದಾರೆ. ಹೆಂಡತಿಗೆ 18 ವರ್ಷ ತುಂಬಿದ್ದರೆ ಗಂಡನ ಬಲಾತ್ಕಾರವನ್ನು ನ್ಯಾಯ ಸಂಹಿತೆ ಇಂದಿಗೂ ಅತ್ಯಾಚಾರವೆನ್ನುವುದಿಲ್ಲ. 2022ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು, ಕೃತ್ಯ ಎಸಗಿದವನು ಗಂಡನೆಂಬ ಕಾರಣಕ್ಕೆ ಆರೋಪವನ್ನು ಕೈಬಿಡಲಾಗದು ಎಂದು ಹೇಳಿದ್ದು ದೊಡ್ಡ ಹೆಜ್ಜೆಯಾಗಿತ್ತು. ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ಮನೆಗೆಲಸದವರ ಸ್ಥಿತಿ ಇನ್ನೊಂದು ಬಗೆಯದು. 1992ರಲ್ಲಿ ರಾಜಸ್ಥಾನದ ಹಳ್ಳಿಯಲ್ಲಿ ತಮ್ಮ ಕೆಲಸದ ಭಾಗವಾಗಿ ಬಾಲ್ಯವಿವಾಹ ತಡೆಯಲು ಹೋದ ಸರ್ಕಾರಿ ಯೋಜನೆಯ ಕಾರ್ಯಕರ್ತೆ ಭಂವರಿ ದೇವಿ ಅವರ ಮೇಲೆ ನಡೆದ ಸಾಮೂಹಿಕ ಅತ್ಯಾಚಾರದಿಂದ ಸುಪ್ರೀಂ ಕೋರ್ಟಿನ 1997ರ ವಿಶಾಖಾ ಮಾರ್ಗಸೂಚಿಯೂ, ಅದರಿಂದ 2013ರ ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆ ಕಾಯ್ದೆಯೂ ಬಂದವು. ಹತ್ತು ಮಂದಿಗಿಂತ ಕಡಿಮೆ ಕೆಲಸಗಾರರಿರುವ ಕಡೆ, ಮನೆಗೆಲಸದಲ್ಲಿ ಕೂಡ, ನೊಂದವರು ದೂರು ಕೊಡಬೇಕಾದದ್ದು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ. ನಿಮ್ಮ ಮನೆಯಲ್ಲಿ ಪಾತ್ರೆ ತೊಳೆಯುವವರಿಗೆ ಅಂಥ ಸಮಿತಿಯೊಂದಿದೆ ಎಂದು ಗೊತ್ತೇ, ಕೇಳಿ ನೋಡಿ. ದಲಿತ, ಆದಿವಾಸಿ ಮತ್ತು ಅಂಗವಿಕಲ ಮಹಿಳೆಯರಿಗೆ ಈ ದೂರ ಇನ್ನೂ ದೊಡ್ಡದು. ಎದುರಿಗಿರುವವನು ಭೂಮಿಯ ಒಡೆಯನೂ ಆಗಿದ್ದರೆ ಕೂಲಿಯೂ ಹೋಗುತ್ತದೆ, ದಾರಿಯೂ ಮುಚ್ಚುತ್ತದೆ. ಹದಿನೆಂಟು ತುಂಬದ ಗಂಡುಮಕ್ಕಳಿಗೆ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಯುವ ಪೋಕ್ಸೊ ಕಾಯ್ದೆಯ ರಕ್ಷಣೆಯಿದೆ, ಆದರೆ ಹೇಳಿಕೊಂಡರೆ ನಕ್ಕುಬಿಡುತ್ತಾರೆಂಬ ಅವರ ಭಯಕ್ಕೆ ಕಾಯ್ದೆಯಲ್ಲಿ ಮದ್ದಿಲ್ಲ.

ಮಕ್ಕಳ ವಿಷಯಕ್ಕೆ ಬಂದರೆ ಮತ್ತೆ ಭಾಷೆಯ ಬಳಿಗೇ ಹೋಗಬೇಕು. ಕನ್ನಡದ ಮನೆಗಳಲ್ಲಿ ಗುಪ್ತಾಂಗಗಳಿಗೆ ಸಂಕೋಚವಿಲ್ಲದೆ ಬಳಸುವ ಹೆಸರುಗಳೇ ಇಲ್ಲ. ಒಂದೋ ಬೈಗುಳ, ಇಲ್ಲವೇ ವೈದ್ಯರ ಸಂಸ್ಕೃತ, ಇಲ್ಲವೇ ‘ಅಲ್ಲಿ’, ‘ಕೆಳಗೆ’, ‘ಛೀ’. ಹೆಸರೇ ಇಲ್ಲದ ಜಾಗಕ್ಕೆ ಏನಾಯಿತೆಂದು ಮಗು ಹೇಗೆ ಹೇಳಬೇಕು? ‘ಮಾಮ ಕೆಳಗೆ ನೋವು ಮಾಡಿದ’ ಎಂದ ಮಗುವಿನ ಮಾತು ಎದುರಿನ ವಕೀಲರ ಕೈಯಲ್ಲಿ ಏನು ಬೇಕಾದರೂ ಆಗಬಹುದು. ‘ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ’ ಎಂದು ಶಾಲೆಯಲ್ಲಿ ಒಂದು ಗಂಟೆ ಹೇಳಿ ಮುಗಿಸುವುದೂ ಸಾಲದು, ಏಕೆಂದರೆ ಪರಿಚಿತನ ಸ್ಪರ್ಶ ಮೊದಲು ಮುದ್ದಿನ ರೂಪದಲ್ಲೇ ಬರುತ್ತದೆ. ಮಗುವಿಗೆ ಕಲಿಸಬೇಕಾದದ್ದು ಗುಟ್ಟಿನ ಬಗ್ಗೆ: ‘ಯಾರಿಗೂ ಹೇಳಬೇಡ’ ಎಂದು ಯಾರಾದರೂ ಅಂದರೆ ಅದನ್ನೇ ಮೊದಲು ಬಂದು ಹೇಳಬೇಕು ಎಂದು. ನೆಂಟರು ಬಂದಾಗ ಬೇಡವೆಂದು ಮಗು ಹಿಂದೆ ಸರಿದರೂ ‘ಹೋಗು, ಮುತ್ತು ಕೊಡು’ ಎಂದು ದೂಡುವ ನಾವು, ನಿನ್ನ ‘ಬೇಡ’ಕ್ಕೆ ಬೆಲೆಯಿಲ್ಲ ಎಂದು ಅದಕ್ಕೆ ಬಹಳ ಬೇಗ ಕಲಿಸಿರುತ್ತೇವೆ. ಹುಡುಗರ ಮಟ್ಟಿಗೂ ಇದೇ ಪಾಠ ಇನ್ನೊಂದು ತುದಿಯಿಂದ ಬೇಕು. ಹತ್ತನೇ ತರಗತಿಯ ಸಂತಾನೋತ್ಪತ್ತಿಯ ಪಾಠವನ್ನು ‘ಮನೆಯಲ್ಲಿ ಓದಿಕೊಳ್ಳಿ’ ಎಂದು ದಾಟಿಸಿದ ದಿನವೇ ಅವರ ಗುರು ಮೊಬೈಲ್ ಆಗಿರುತ್ತದೆ, ಮತ್ತು ಅಲ್ಲಿ ಹೆಣ್ಣಿನ ‘ಬೇಡ’ಕ್ಕೆ ಅರ್ಥವೇ ಇರುವುದಿಲ್ಲ. ವರ್ಷಕ್ಕೊಮ್ಮೆ ನಮ್ಮ ಪಂಚಾಯಿತಿಗಳಲ್ಲಿ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ, ಶಾಲೆಯ ದಾರಿಯ ಮದ್ಯದಂಗಡಿಯ ಮುಂದೆ ನಿಂತವರು ಕಾಡುತ್ತಾರೆ ಎಂದು ಮಕ್ಕಳು ಹೇಳಿದರೆ ಆ ಚಿಲಕ ಆ ತಿಂಗಳೇ ಬರಬೇಕು. ಹೇಳಿದರೆ ಏನಾದರೂ ಆಗುತ್ತದೆ ಎಂಬ ನಂಬಿಕೆ ಕಟ್ಟುವುದು ಹೀಗೆಯೇ.

ಸಹಾಯದ ಬಾಗಿಲುಗಳು ಇಲ್ಲವೆಂದಲ್ಲ. ತುರ್ತಿಗೆ 112, ಮಹಿಳೆಯರಿಗೆ 181, ಮಕ್ಕಳಿಗೆ 1098 ಇವೆ. 2015ರಲ್ಲಿ ಆರಂಭವಾದ ಸಖಿ ಕೇಂದ್ರಗಳಲ್ಲಿ ವೈದ್ಯಕೀಯ, ಕಾನೂನು, ಆಪ್ತಸಮಾಲೋಚನೆ, ತಾತ್ಕಾಲಿಕ ವಸತಿ ಒಂದೇ ಸೂರಿನಡಿ ಸಿಗಬೇಕು. ರಾಜ್ಯದಲ್ಲಿ ಅದಕ್ಕಿಂತ ಹಳೆಯ ಸಾಂತ್ವನ ಕೇಂದ್ರಗಳಿವೆ, ಜಿಲ್ಲಾಸ್ಪತ್ರೆಗಳಲ್ಲಿ ‘ಗೆಳತಿ’ ವಿಶೇಷ ಚಿಕಿತ್ಸಾ ಘಟಕಗಳಿವೆ. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ 2018ರ ಯೋಜನೆಯಂತೆ ಅತ್ಯಾಚಾರಕ್ಕೆ ಒಳಗಾದವರಿಗೆ 4ರಿಂದ 7 ಲಕ್ಷ ರೂಪಾಯಿ ಪರಿಹಾರವಿದೆ, ಮಧ್ಯಂತರ ಪರಿಹಾರಕ್ಕೆ ತೀರ್ಪಿನವರೆಗೆ ಕಾಯಬೇಕಿಲ್ಲ. ಕೊರತೆಯಿರುವುದು ಈ ಬಾಗಿಲಿನಿಂದ ಆ ಬಾಗಿಲಿಗೆ ಆಕೆಯ ಜೊತೆ ನಡೆಯುವ ಒಬ್ಬ ವ್ಯಕ್ತಿಯದು. ಪೋಕ್ಸೊ ಪ್ರಕರಣಗಳಲ್ಲಿ ಮಗುವಿಗೆ ‘ಬೆಂಬಲ ವ್ಯಕ್ತಿ’ಯೊಬ್ಬರನ್ನು ನೇಮಿಸಲು 2020ರ ನಿಯಮಗಳು ಅವಕಾಶ ಕೊಟ್ಟಿವೆ, ಹೇಳಿಕೆಯ ದಿನ, ಪರೀಕ್ಷೆಯ ದಿನ, ಸಾಕ್ಷಿ ನುಡಿಯುವ ದಿನ ಅವರು ಪಕ್ಕದಲ್ಲಿರುತ್ತಾರೆ, ಪ್ರಕರಣ ಎಲ್ಲಿಗೆ ಬಂತೆಂದು ಮನೆಯವರಿಗೆ ತಿಳಿಸುತ್ತಾರೆ, ಪರಿಹಾರದ ಅರ್ಜಿ ಬರೆಸುತ್ತಾರೆ. 2023ರಲ್ಲಿ ಸುಪ್ರೀಂ ಕೋರ್ಟ್ ಉತ್ತರ ಪ್ರದೇಶದ ಪ್ರಕರಣವೊಂದರಲ್ಲಿ ಈ ನೇಮಕ ಕಾಗದದ ಮೇಲೆ ಉಳಿಯದಂತೆ ನಿರ್ದೇಶನ ನೀಡಿತು. ಹದಿನೇಳು ವರ್ಷದ ಹುಡುಗಿಗೆ ಹೀಗೆ ಕಾನೂನು ಕೊಟ್ಟ ಜೊತೆಗಾರ್ತಿ, ಘಟನೆಯ ಹೊತ್ತಿಗೆ ಹದಿನೆಂಟು ತುಂಬಿದ್ದವಳಿಗೆ ಇಲ್ಲ. ಅವಳು ಫೈಲು ಹಿಡಿದು ಆಸ್ಪತ್ರೆಯಿಂದ ಠಾಣೆಗೆ, ಠಾಣೆಯಿಂದ ಕೋರ್ಟಿಗೆ ಒಬ್ಬಳೇ ಹೋಗುತ್ತಾಳೆ, ಮತ್ತು ಕೋರ್ಟಿನ ಮೊಗಸಾಲೆಯಲ್ಲಿ ಆರೋಪಿಯ ಕಡೆಯವರ ಎದುರಿನ ಬೆಂಚಿನಲ್ಲೇ ತನ್ನ ಸರದಿಗೆ ಕಾಯುತ್ತಾಳೆ. ತಾಲ್ಲೂಕಿಗೊಬ್ಬರಂತೆ, ತಿಂಗಳ ಸಂಬಳದ ಮೇಲೆ, ಆ ಬೆಂಚಿನಲ್ಲಿ ಅವಳ ಪಕ್ಕ ಕೂರುವ ಒಬ್ಬರನ್ನು ನೇಮಿಸಲು ಕರ್ನಾಟಕ ಸರ್ಕಾರ ಹೊಸ ಕಾಯ್ದೆಗಾಗಿ ಸಂಸತ್ತಿನ ಕಡೆ ನೋಡಬೇಕಾಗಿಲ್ಲ. ಒಂದು ಆದೇಶ ಮತ್ತು ಬಜೆಟ್ಟಿನಲ್ಲಿ ಒಂದು ಸಾಲು ಸಾಕು.